ಆಪ್ತಸಲಹೆ ಪ್ರಕರಣ: "ಈ ಕೆಲಸ ನನಗೆ ಒಗ್ಗಲ್ಲ"

(ಗುರುತು ಸಿಗದಂತೆ ವಯಸ್ಸು, ತಾಲ್ಲೂಕು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮೈಸೂರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯು ಮುಗಿಸಿ, ಮಂಡ್ಯ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯೊಂದರ ಮಕ್ಕಳ ರಕ್ಷಣಾ ಯೋಜನೆಗೆ ಸೇರಿದ 24ರ ಯುವತಿ. ಸೇರಿ ಏಳು ತಿಂಗಳಾಗಿದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸುತ್ತದೆ. ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪು: "ನಾನು ತುಂಬಾ ಸೂಕ್ಷ್ಮ, ಈ ಕೆಲಸ ನನಗೆ ಒಗ್ಗಲ್ಲ."

ಹೊಸದಾಗಿ ಕ್ಷೇತ್ರಕ್ಕಿಳಿದವರು ಹೀಗೆ ಹೇಳಿದರೆ ಹಾಗೇ ಒಪ್ಪಿಕೊಳ್ಳಬಾರದು. ಸ್ವಭಾವದ ಮಾತಿಗಿಂತ ಮೊದಲು ದಿನಚರಿ ನೋಡಬೇಕು. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಬರೆಯಲು ಹೇಳಿದೆವು: ಓಡಾಟ, ಮನೆಭೇಟಿ, ವರದಿ ಮತ್ತು ಆ್ಯಪ್ ಭರ್ತಿ, ಕೈಯಿಂದ ಹೋದ ದುಡ್ಡು. ಶಕ್ತಿ ಯೋಜನೆಯಿಂದ ಬಸ್ಸಿಗೆ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಆಕೆಯ ಒಳಹಳ್ಳಿಗಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಹಾಗಾಗಿ ಸ್ವಂತ ಸ್ಕೂಟರ್, ಸ್ವಂತ ಪೆಟ್ರೋಲ್. ಮನೆಗೆ ಬಂದಮೇಲೆ ಫೋಟೊ ಏರಿಸುವುದು, ಆ್ಯಪ್ ತುಂಬುವುದು ರಾತ್ರಿ ಹತ್ತರವರೆಗೆ. ಭೇಟಿಗೆ ಹೋದ ಮನೆಗಳವರ ಜೊತೆ ಕೂತು ಮಾತಾಡಲು ಉಳಿಯುತ್ತಿದ್ದದ್ದು ದಿನಕ್ಕೆ ಎರಡು ಗಂಟೆಯೂ ಇಲ್ಲ. ಓದಿದ್ದು ಆ ಎರಡು ಗಂಟೆಯ ಕೆಲಸಕ್ಕೆ.

ನಿದ್ದೆಗೆಡಿಸಿದ್ದು ಒಂದು ಪ್ರಕರಣ. 16ರ ಹುಡುಗಿಯ ಮದುವೆಯನ್ನು ತಡೆದು ಪೋಷಕರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಕೆಲವು ವಾರಗಳಲ್ಲಿ ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ ಮದುವೆ ಮುಗಿದಿತ್ತು. ತಪ್ಪು ತನ್ನದೇ ಎಂದು ಆಕೆ ನಂಬಿದ್ದಳು. ಇಲ್ಲಿ ಸಮಾಧಾನದ ಮಾತಿಗಿಂತ ಕಾನೂನು ತಿಳಿಸುವುದೇ ಹೆಚ್ಚು ಉಪಯೋಗಕ್ಕೆ ಬಂತು. ಮುಚ್ಚಳಿಕೆಗೆ ಬಲ ಕಡಿಮೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಸೆಕ್ಷನ್ 13ರಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತಂದರೆ, ಅದನ್ನು ಮೀರುವುದೇ ಶಿಕ್ಷಾರ್ಹ ಅಪರಾಧ, ಹಾಗೆ ನಡೆದ ಮದುವೆ ಸೆಕ್ಷನ್ 14ರಂತೆ ಅಸಿಂಧು (ಕರ್ನಾಟಕದಲ್ಲಿ ರಾಜ್ಯದ ತಿದ್ದುಪಡಿಯಿಂದ ಬಾಲ್ಯವಿವಾಹ ಹೇಗೂ ಅಸಿಂಧು). ತಡೆಯಾಜ್ಞೆ ಕೇಳುವ ಹೆಜ್ಜೆಯನ್ನು ಸರ್ಕಾರದ ಬಾಲ್ಯವಿವಾಹ ನಿಷೇಧಾಧಿಕಾರಿ ಇಡಬೇಕಿತ್ತು, ಸಂಸ್ಥೆ ಅದಕ್ಕೆ ಬೆನ್ನುಹತ್ತಬೇಕಿತ್ತು. ಏಳು ತಿಂಗಳ ಹೊಸಬಳ ಹೆಗಲಿಗೆ ಅಷ್ಟನ್ನೂ ಹೊರಿಸುವುದು ಅನ್ಯಾಯ. ಆಕೆಯ ಪಾಲು ಇಷ್ಟು: ಸುಳಿವು ಸಿಕ್ಕ ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ದಿನಾಂಕ ಮತ್ತು ಸಮಯದ ಸಮೇತ ಬರಹದಲ್ಲಿ ವರದಿ. ಕುಟುಂಬಗಳಿಗೆ ತನ್ನ ಸ್ವಂತ ನಂಬರ್ ಬದಲು 1098 ಮತ್ತು ತುರ್ತು ಸಂಖ್ಯೆ 112 ಬರೆದುಕೊಡಲು, ಕೆಲಸಕ್ಕೆ ಬೇರೆ ಸಿಮ್ ಇಟ್ಟು ರಾತ್ರಿ ಕರೆಗೆ ಸರದಿ ಗೊತ್ತುಮಾಡುವಂತೆ ಕೇಳಲು ಹೇಳಿದೆವು.

ಇನ್ನೊಂದು ನೋವು ಆಕೆ ಮೂರನೇ ಭೇಟಿಯಲ್ಲಷ್ಟೇ ಹೇಳಿದ್ದು. ಕಚೇರಿಯ ಹಳೆಯ ಕಾರ್ಯಕರ್ತೆಯರು ಊಟಕ್ಕೆ ಕರೆಯುವುದಿಲ್ಲ. "ಮೈಸೂರಿನವಳು, ಇಲ್ಲಿನ ಜನ ನಿನಗೇನು ಗೊತ್ತು" ಅನ್ನುತ್ತಾರೆ. ಅವರಿಗೆ ಹದಿನೈದು ವರ್ಷದ ಅನುಭವ, ಪದವಿಯಿಲ್ಲ. ಇವಳಿಗೆ ಪದವಿಯಿದೆ, ಸಂಬಳ ಅವರಿಗಿಂತ ತುಸು ಹೆಚ್ಚು. ಈ ಮುನಿಸನ್ನು ಹುಟ್ಟಿಸಿದ್ದು ಸಂಬಳದ ಪಟ್ಟಿ, ಇವಳ ನಡತೆಯಲ್ಲ. ನಗುನಗುತ್ತಾ ಹೊಂದಿಕೋ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ವಾರಕ್ಕೊಂದು ದಿನ ಹಿರಿಯ ಕಾರ್ಯಕರ್ತೆಯೊಬ್ಬರ ಜೊತೆ ಜಂಟಿ ಮನೆಭೇಟಿಗೆ ಹೋಗಬೇಕು, ಪರಿಚಯದ ಮಾತನ್ನು ಅವರೇ ಆಡಲಿ. ಪ್ರತಿಯಾಗಿ ಅವರ ಒಂದು ವರದಿಯನ್ನು ಜೊತೆಗೆ ಕೂತು ಬರೆಯಬಹುದು. ಒಂದೇ ವರದಿ. ಮಿತಿ ಹಾಕದಿದ್ದರೆ ಇಡೀ ಕಚೇರಿಯ ಬರವಣಿಗೆ ಇವಳ ತಲೆಗೇ ಬೀಳುತ್ತದೆ.

ಸಂಯೋಜಕರ ಹತ್ತಿರ ಕೇಳಬೇಕಾದದ್ದು 15 ದಿನಕ್ಕೊಮ್ಮೆ 45 ನಿಮಿಷದ ಮೇಲ್ವಿಚಾರಣೆ. ತಿಂಗಳ ಪರಿಶೀಲನಾ ಸಭೆ ಅದಲ್ಲ, ಅಲ್ಲಿ ಕೇಳುವುದು ಟಾರ್ಗೆಟ್ ಮಾತ್ರ. ಒಂದೇ ಪ್ರಕರಣ ಹಿಡಿದು ಹೋಗಬೇಕು: ಏನು ಕಂಡೆ, ಏನು ಮಾಡಿದೆ, ಎಲ್ಲಿ ತೋಚದಾಯಿತು.

ದುಡ್ಡಿನ ವಿಷಯವನ್ನು ಸಂಕೋಚಪಟ್ಟು ಬಿಡಬಾರದು. ಪಿಎಫ್‌ನಲ್ಲಿ ಉದ್ಯೋಗಿಯ ಪಾಲು ಶೇ 12, ಸಂಸ್ಥೆಯ ಪಾಲೂ ಅಷ್ಟೇ. ಕಡಿತವಾದದ್ದು ಜಮೆಯಾಗಿದೆಯೇ ಎಂದು ಉಮಂಗ್ ಆ್ಯಪ್‌ನ ಪಾಸ್‌ಬುಕ್‌ನಲ್ಲಿ ನೋಡಬೇಕು. ಸಂಬಳವನ್ನು 'ಗೌರವಧನ' ಎಂದು ಬರೆದಿದ್ದರೆ ನೇಮಕಾತಿ ಪತ್ರವನ್ನು ಎರಡು ಸಲ ಓದಬೇಕು.

ನಿದ್ದೆಯ ತೊಂದರೆ ಇನ್ನೆರಡು ವಾರ ಮುಂದುವರಿದರೆ, ಬದುಕೇ ಬೇಡ ಅನ್ನಿಸಿದರೆ ಅದೇ ದಿನ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಇದೆ. ಆ ಹಂತ ಬರಲಿಲ್ಲ. ಜಂಟಿ ಭೇಟಿ ನಡೆಯುತ್ತಿದೆ, ಮೇಲ್ವಿಚಾರಣೆಗೆ ಸಂಯೋಜಕರು ಒಪ್ಪಿದ್ದಾರೆ. ಪೆಟ್ರೋಲ್ ಬಾಕಿ ಇನ್ನೂ ಬಂದಿಲ್ಲ. ಮಾರ್ಚ್‌ನಲ್ಲಿ ಒಪ್ಪಂದ ನವೀಕರಣಕ್ಕೆ ಸಹಿ ಹಾಕುವ ಮೊದಲು ಕೊಡಬೇಕಾದ ಪತ್ರಕ್ಕೆ ಆಕೆ ಕಿಲೋಮೀಟರ್ ಲೆಕ್ಕ ಸೇರಿಸುತ್ತಿದ್ದಾಳೆ.