ತಗಾದೆಯ ನೆಲದಲ್ಲಿ ನೆಲಬಾಂಬ್: ದುಡ್ಡು ಕೊಡುವವರು ಯಾರು?

ಪ್ರಶ್ನೆ: ನಾಗೋರ್ನೊ-ಕರಬಾಖ್‌ನಲ್ಲಿ ಅಮೆರಿಕದ ದುಡ್ಡಿನಿಂದ ವರ್ಷಗಟ್ಟಲೆ ನೆಲಬಾಂಬ್ ತೆಗೆದರಂತೆ. ಜಗತ್ತು ಒಪ್ಪದ ಸರ್ಕಾರಕ್ಕೆ ದುಡ್ಡು ಕೊಟ್ಟಿದ್ದು ಹೇಗೆ? ಈಗ ಅಲ್ಲಿನ ಜನರೇ ಊರು ಬಿಟ್ಟಿದ್ದಾರೆ. ಅದೆಲ್ಲ ದಂಡ ಅಲ್ವಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಮ್ಮೂರಲ್ಲಿ ಸೈಟಿನ ಮೇಲೆ ಕೋರ್ಟ್ ಕೇಸಿದ್ದರೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಅದೇ. ಜಗತ್ತಿನ ಲೆಕ್ಕದಲ್ಲಿ ಅದು ಅಜರ್‌ಬೈಜಾನಿನ ನೆಲ. 1990ರ ದಶಕದ ಯುದ್ಧದ ನಂತರ ಹಿಡಿತವಿದ್ದದ್ದು ಅರ್ಮೇನಿಯನ್ನರದ್ದು. ದುಡ್ಡು ಕೊಟ್ಟರೆ ಅವರ ಸರ್ಕಾರವನ್ನು ಒಪ್ಪಿದಂತಾಗುತ್ತದೆ ಎಂದು ಹೆಚ್ಚಿನ ದೇಶಗಳು ದೂರ ಉಳಿದವು.

ಅಮೆರಿಕ ಅದಕ್ಕೊಂದು ದಾರಿ ಹುಡುಕಿತು. ಅಲ್ಲಿನ ಸರ್ಕಾರದ ಕೈಗೆ ಕೊಡದೆ, ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮೂಲಕ ನೆಲಬಾಂಬ್ ತೆಗೆಯುವ ಹೇಲೋ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಕೊಟ್ಟಿತು. 1997ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅಂಗೋಲಾದ ಬಾಂಬ್ ಬಯಲಿನಲ್ಲಿ ನಡೆದ ಫೋಟೊ ನೆನಪಿದೆಯಾ? ಅದೇ ಸಂಸ್ಥೆ. 2000ದಿಂದ ಅದು ಕರಬಾಖ್‌ನಲ್ಲಿ ಕೆಲಸ ಮಾಡಿತು. ಆದರೆ ಒಂದು ಷರತ್ತಿತ್ತು. ಅಮೆರಿಕದ ದುಡ್ಡು ಸೋವಿಯತ್ ಕಾಲದ ಕರಬಾಖ್ ಪ್ರಾಂತ್ಯದ ಗಡಿಯೊಳಗೆ ಮಾತ್ರ. ಗೆರೆಯಾಚೆ ಅರ್ಮೇನಿಯನ್ನರ ಹಿಡಿತದಲ್ಲೇ ಇದ್ದ ಹೊಲಗಳಿಗೆ ಖಾಸಗಿ ದಾನಿಗಳೇ ಗತಿ. ಮೇಯಲು ಹೋಗುವ ಹಸುವಿಗೆ ಆ ಗೆರೆ ಹೇಗೆ ಗೊತ್ತಾಗಬೇಕು? ನನ್ನ ಮಟ್ಟಿಗೆ, ಅಲ್ಲಿ ಎಡವಟ್ಟಾಗಿದ್ದು ಇಲ್ಲಿಯೇ.

ಖರ್ಚು ಯಾಕೆ ಅಷ್ಟು ಎಂದರೆ, ಒಂದು ಬಾಂಬ್ ತಯಾರಿಸಲು 3 ಡಾಲರ್ ಸಾಕು, ತೆಗೆಯಲು 300ರಿಂದ 1,000 ಡಾಲರ್ ಎಂದು ವಿಶ್ವಸಂಸ್ಥೆಯ ಲೆಕ್ಕವನ್ನು ಹಿಂದಿನಿಂದಲೂ ಹೇಳುತ್ತಾರೆ. ನಮ್ಮ ಬೆಂಗಳೂರಿನ ಹೆಸರಿನಲ್ಲೇ ಒಂದು ಸಾಧನವಿದೆ, ‘ಬ್ಯಾಂಗಲೋರ್ ಟಾರ್ಪಿಡೊ’. 1912ರಲ್ಲಿ ಇಲ್ಲಿನ ಸೇನಾ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು. ಸ್ಫೋಟಕ ತುಂಬಿದ ಉದ್ದನೆಯ ಕೊಳವೆ. ಮೊದಲು ಮುಳ್ಳುತಂತಿಗೆ, ಆಮೇಲೆ ನೆಲಬಾಂಬಿಗೂ ಬಳಸಿದರು. ಅದು ಸೈನಿಕರು ನುಗ್ಗಲು ಒಂದು ದಾರಿ ತೆರೆದರೆ ಮುಗಿಯಿತು. ಹೊಲದಲ್ಲಿ ಹಾಗಾಗುವುದಿಲ್ಲ. ಮಕ್ಕಳು ಆಡುವ ಜಾಗ, ಗೇಣು ಗೇಣೂ ನೋಡಬೇಕು. ಲೋಹ ಹುಡುಕುವ ಡಿಟೆಕ್ಟರ್ ತುಕ್ಕು ಮೊಳೆಗೂ ಕೂಗುತ್ತದೆ. ಪ್ರತಿ ಸಲವೂ ಬಾಂಬೇ ಇದೆ ಎಂದುಕೊಂಡು ಮೆಲ್ಲಗೆ ಕೆದಕಬೇಕು. ದುಡ್ಡು ಜಾಸ್ತಿ ಹೋಗುವುದು ಆ ಕೆಲಸಗಾರರ ಸಂಬಳಕ್ಕೆ.

ಇನ್ನು ದಂಡದ ಮಾತು. 2020ರಲ್ಲಿ 44 ದಿನಗಳ ಯುದ್ಧವಾಯಿತು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಪೂರ್ತಿ ಹಿಡಿತ ಸಾಧಿಸಿತು, ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಹೊರಟುಹೋದರು. ಆದರೂ ನಾನು ದಂಡ ಎನ್ನುವುದಿಲ್ಲ. ಅಷ್ಟು ವರ್ಷ ಅಲ್ಲಿ ಜನ ಬಾಳಿದರು, ಉತ್ತರು. ಅಂದು ತೆಗೆದ ಬಾಂಬ್ ಇಂದು ಬಂದು ನೆಲೆಸುವವರ ಕಾಲಡಿಯೂ ಇರುವುದಿಲ್ಲ.

ಈಗ ಈ ಕೆಲಸ ನೋಡಿಕೊಳ್ಳುತ್ತಿರುವುದು ಅಜರ್‌ಬೈಜಾನಿನ ಸರ್ಕಾರಿ ಸಂಸ್ಥೆ. ಅಲ್ಲಿ ದುಡ್ಡಿನಷ್ಟೇ ಕಾಡಿದ್ದು ಬಾಂಬ್ ಎಲ್ಲೆಲ್ಲಿ ಹೂತಿದ್ದಾರೆ ಎಂಬ ನಕ್ಷೆ. 2021ರ ಜೂನಿನಲ್ಲಿ ಅರ್ಮೇನಿಯ ಕರಬಾಖ್ ಪಕ್ಕದ ಅಗ್ದಾಮ್ ಜಿಲ್ಲೆಯ 97,000 ಬಾಂಬ್‌ಗಳ ನಕ್ಷೆ ಕೊಟ್ಟಿತು. ಬದಲಿಗೆ ಪಡೆದದ್ದು 15 ಮಂದಿ ಸೆರೆಯಾಳುಗಳನ್ನು. ಕೊಟ್ಟ ನಕ್ಷೆಗಳೂ ಸರಿಯಿಲ್ಲ ಎಂದು ಅಜರ್‌ಬೈಜಾನ್ ದೂರುತ್ತದೆ. ಹಾಗಾಗಿ ಡಿಟೆಕ್ಟರ್ ಕೂಗಿದಲ್ಲೆಲ್ಲ ಮಂಡಿಯೂರಿ ಕೆದಕುವುದು ಇನ್ನೂ ನಡೆದಿದೆ.