ದಮ್ಮಿನ ಲೆಕ್ಕ ಕ್ರಷರ್ ಇಲ್ಲದ ವಾರ್ಡಿನಲ್ಲೂ ಬೇಕು

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಜಲ್ಲಿ ಕ್ರಷರ್ ಶುರುವಾದ ಮೇಲೆ ಮಕ್ಕಳಿಗೆ ಕೆಮ್ಮು, ದಮ್ಮು ಬಿಡುತ್ತಲೇ ಇಲ್ಲ. ಅಂಥ ಮಕ್ಕಳ ಹೆಸರೆಲ್ಲ ಬರೆದು ಅಧಿಕಾರಿಗಳಿಗೆ ಕೊಟ್ಟೆವು. ‘ಕೆಮ್ಮು ಎಲ್ಲ ಊರಲ್ಲೂ ಇದೆ’ ಎಂದು ಕಳಿಸಿಬಿಟ್ಟರು. ಹಳ್ಳಿಯವರ ಪಟ್ಟಿಗೆ ಬೆಲೆ ಇಲ್ಲವೇ?
– ಹೆಸರು ಬೇಡವೆಂದ ಓದುಗರು, ಮಂಜೇಶ್ವರ ತಾಲೂಕು

ಉತ್ತರ: ಖಂಡಿತ ಇದೆ. ಆದರೆ ಆ ಅಧಿಕಾರಿಯ ಮಾತಿಗೆ ನಿಮ್ಮ ಪಟ್ಟಿ ಉತ್ತರ ಕೊಡುತ್ತಿಲ್ಲ. ಕ್ರಷರ್ ಇಲ್ಲದ ಕಡೆ ಎಷ್ಟು ಮಕ್ಕಳಿಗೆ ದಮ್ಮು ಇದೆ ಎಂಬುದು ಅದರಲ್ಲಿ ಇಲ್ಲವಲ್ಲ.

ನಮ್ಮ ಕಾಸರಗೋಡು ಜಿಲ್ಲೆಯದೇ ಎಣ್ಮಕಜೆಯ ಪಡ್ರೆಯನ್ನು ನೆನಪಿಸಿಕೊಳ್ಳಿ. ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವವರ ಕಾಯಿಲೆಗಳನ್ನು ಗಮನಿಸಿ ಬರೆದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಾಡಿದ ಕೆಲಸ ನೋಡಿ: ಪಡ್ರೆಯ 117 ಹುಡುಗರ ಜೊತೆಗೆ, ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ವಿಷ ಹೆಚ್ಚಿತ್ತು, ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಆ 90 ಹುಡುಗರು ಇಲ್ಲದಿದ್ದರೆ ‘ಎಲ್ಲ ಕಡೆಯೂ ಹೀಗೇ’ ಎಂದು ಅದನ್ನೂ ತಳ್ಳಿಹಾಕುತ್ತಿದ್ದರು. ವರದಿ 2003ರಲ್ಲಿ ಪ್ರಕಟವಾಯಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂಬ ಆದೇಶ 2017ರಲ್ಲಿ. ಅಷ್ಟು ವರ್ಷ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿಕೊಂಡು ಧರಣಿ ಕೂತ ತಾಯಂದಿರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಪಟ್ಟಿಯನ್ನು ಹೊಸದಾಗಿ ಮಾಡಿ. ಸಬ್‌ಸೆಂಟರಿನ ನರ್ಸಾಗಿ ಮನೆ ಮನೆ ಸುತ್ತಿದವಳು ನಾನು. ಕಾಯಿಲೆ ಇರುವ ಮನೆಯ ಬಾಗಿಲು ಮಾತ್ರ ತಟ್ಟಿ ತಂದ ಲೆಕ್ಕ ಮೇಲಿನವರ ಎದುರು ನಿಲ್ಲುವುದಿಲ್ಲ. ಒಂದು ಮನೆಯನ್ನೂ ಬಿಡಬೇಡಿ, ಆರೋಗ್ಯವಾಗಿರುವ ಮಕ್ಕಳನ್ನೂ ಬರೆಯಿರಿ. ಮನೆ ನಂಬರು, ಮಗುವಿನ ಪ್ರಾಯ, ದಮ್ಮು ಯಾವಾಗಿನಿಂದ, ರಾತ್ರಿ ಏಳುತ್ತದೆಯೇ, ಕ್ರಷರಿಗೆ ಎಷ್ಟು ದೂರ. ಅಡುಗೆ ಕಟ್ಟಿಗೆ ಒಲೆಯಲ್ಲೋ ಗ್ಯಾಸಿನಲ್ಲೋ, ಮನೆಯಲ್ಲಿ ಬೀಡಿ ಸೇದುವವರು ಇದ್ದಾರೋ ಎಂಬುದನ್ನು ಮರೆಯಬೇಡಿ. ಕ್ರಷರಿನವರ ವಕೀಲ ಮೊದಲು ಕೇಳುವುದು ಅದನ್ನೇ. ಇದೇ ಪ್ರಶ್ನೆಗಳನ್ನು ಕ್ರಷರ್ ಇಲ್ಲದ ಇನ್ನೊಂದು ವಾರ್ಡಿನಲ್ಲಿ, ಅದೇ ತಿಂಗಳಲ್ಲಿ ಕೇಳಿ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಜನ ಮನಬಿಚ್ಚಿ ಮಾತಾಡುತ್ತಾರೆ.

ಲೆಕ್ಕದಲ್ಲಿ ಬಂದದ್ದಕ್ಕಿಂತ ಒಂದು ಮಾತೂ ಹೆಚ್ಚು ಹೇಳಬೇಡಿ. ಊರಿನ ಎಲ್ಲ ರೋಗವನ್ನೂ ಕ್ರಷರಿನ ತಲೆಗೆ ಕಟ್ಟಿದರೆ, ನಿಜವಾದ ದೂರಿಗೂ ಬೆಲೆ ಹೋಗುತ್ತದೆ.

ಎರಡೂ ವಾರ್ಡಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಾಯಿತೇ ನೋಡಿ. ಹೆಸರುಗಳು ನಿಮ್ಮ ಹತ್ತಿರವೇ ಇರಲಿ, ಹಾಳೆಯಲ್ಲಿ ಸಂಖ್ಯೆ ಸಾಕು. ಪ್ರತಿಯನ್ನು ಜಿಲ್ಲಾ ವೈದ್ಯಾಧಿಕಾರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ. ಅರ್ಜಿ ಕನ್ನಡದಲ್ಲೇ ಇರಲಿ, ಆ ಹಕ್ಕು ನಮಗಿದೆ. ಬೇಗ ಓದಲೆಂದು ಮಲಯಾಳದ ಪ್ರತಿಯನ್ನೂ ಲಗತ್ತಿಸಿ. ಯಾರಿಂದ ಏನಾಗಬೇಕು ಎಂದು ಬಿಡಿಸಿ ಬರೆಯಿರಿ: ಮಂಡಳಿಯವರು ಗಾಳಿಯ ಧೂಳು ಅಳೆಯಲಿ, ಕ್ರಷರಿನವರು ನೀರು ಹಾಯಿಸಲಿ, ಲಾರಿಗೆ ಟಾರ್ಪಾಲು ಕಟ್ಟಲಿ, ಆರೋಗ್ಯ ಕೇಂದ್ರದವರು ಶಾಲೆಗೆ ಬಂದು ಮಕ್ಕಳ ಎದೆ ಪರೀಕ್ಷಿಸಲಿ.