ನಿಂತಂತೆ ಕಾಣುವ ಓಟದ ಕಾರು

ಪ್ರಶ್ನೆ: ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಎರಡು ದಿನ ಕಾರ್ ರೇಸಿನ ಚಿತ್ರಗಳನ್ನು ತೆಗೆದೆ. ಶಟರ್ ವೇಗ (ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ) 1/2000 ಸೆಕೆಂಡ್ ಇಟ್ಟಿದ್ದರಿಂದ ಎಲ್ಲವೂ ಸ್ಪಷ್ಟವಾಗಿ ಬಂದಿವೆ, ಆದರೆ ಕಾರುಗಳು ರಸ್ತೆ ಬದಿಗೆ ನಿಲ್ಲಿಸಿದಂತಿವೆ. ಆಯ್ದ ಚಿತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಆಸೆಯೂ ಇದೆ. ದಯವಿಟ್ಟು ಸಲಹೆ ನೀಡಿ.
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಕ್ಯಾಮೆರಾದ್ದು ತಪ್ಪಿಲ್ಲ, ಅದು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. ಅದರ ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಎಂದುಕೊಂಡರೆ, 1/2000 ಸೆಕೆಂಡಿನಲ್ಲಿ ಚಕ್ರ ತಿರುಗುವುದು ಐದು ಡಿಗ್ರಿಗೂ ಕಡಿಮೆ, ಆದ್ದರಿಂದ ಅದರ ಕಡ್ಡಿಗಳನ್ನು ಎಣಿಸಬಹುದು. 1/125ಕ್ಕೆ ಇಳಿಸಿದರೆ ಅದೇ ಚಕ್ರ 70 ಡಿಗ್ರಿಗೂ ಹೆಚ್ಚು ತಿರುಗಿ, ಕಡ್ಡಿಗಳೆಲ್ಲ ಕರಗಿ ಬಿಲ್ಲೆಯಂತಾಗುತ್ತವೆ. ಆಗ ಕಾರೂ ಮಸುಕಾಗದಿರಲು ಕ್ಯಾಮೆರಾ ಕಾರಿನ ಜೊತೆಗೇ ತಿರುಗಬೇಕು. ಪ್ಯಾನಿಂಗ್ ಎನ್ನುವುದು ಇದನ್ನೇ.

ಪಾದಗಳನ್ನು ಕಾರು ಎದುರಿಗೆ ಬರುವ ಜಾಗದತ್ತ ನೆಟ್ಟು, ಸೊಂಟದಿಂದ ಮೇಲಿನ ದೇಹವನ್ನು ಮಾತ್ರ ತಿರುಗಿಸಿ. ಚಾಲಕನ ಹೆಲ್ಮೆಟ್ಟನ್ನು ದೂರದಿಂದಲೇ ಹಿಡಿದು ಹಿಂಬಾಲಿಸಿ, ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ಥಟ್ಟನೆ ನಿಲ್ಲಿಸಬೇಡಿ. ಹೊಸಬರಲ್ಲಿ ಬಹುತೇಕರು ಎಡವುವುದು ಇಲ್ಲಿಯೇ. ಅಭ್ಯಾಸಕ್ಕೆ ಚೆನ್ನೈಗೆ ಹೋಗಬೇಕಿಲ್ಲ. ಭಾನುವಾರ ವಾಹನ ಸಂಚಾರವಿಲ್ಲದ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಸವಾರರನ್ನು 1/30ರಲ್ಲಿ ಹಿಂಬಾಲಿಸಿ ನೋಡಿ. ನೂರಕ್ಕೆ ಐದು ಚಿತ್ರ ದಕ್ಕಿದರೂ ಮೊದಲ ವಾರಕ್ಕೆ ಅದು ಸಣ್ಣ ಫಸಲಲ್ಲ.

ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಹಲವು ಕ್ಯಾಮೆರಾಗಳು ಆಗ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಓಡುವ ವಸ್ತು ಓರೆಯಾಗುತ್ತದೆ. ಆದರೆ 1894ರಲ್ಲಿ ಹುಟ್ಟಿದ ಫ್ರಾನ್ಸಿನ ಜಾಕ್ ಆಂರಿ ಲಾರ್ತಿಗ್ ಹದಿಹರೆಯದಲ್ಲಿ ತೆಗೆದ ರೇಸ್ ಕಾರಿನ ಚಿತ್ರ ಜಗತ್ಪ್ರಸಿದ್ಧವಾದದ್ದು ಇಂಥದೇ ಓರೆಯಿಂದ. ಅಂದಿನ ನಿಧಾನ ಶಟರಿನ ಸೀಳು ಮೇಲೆ ಕೆಳಗೆ ಸರಿಯುವಷ್ಟರಲ್ಲಿ ಚಕ್ರ ಮುಂದಕ್ಕೆ ಬಾಗಿದ ಮೊಟ್ಟೆಯಾಯಿತು; ಕ್ಯಾಮೆರಾವೂ ತಿರುಗುತ್ತಿದ್ದುದರಿಂದ ಪ್ರೇಕ್ಷಕರು ಎದುರು ದಿಕ್ಕಿಗೆ ವಾಲಿದರು. ಅದೃಷ್ಟ ಎಲ್ಲರಿಗೂ ಹಾಗೆ ಒಲಿಯದು, ನೀವು ಇಂದಿನ ಕ್ಯಾಮೆರಾದ ಮೆಕ್ಯಾನಿಕಲ್ ಶಟರನ್ನೇ ಬಳಸಿ.

ಇನ್ನು ಪುಸ್ತಕದ ಮಾತು. ಮುದ್ರಣಾಲಯದವರು 16 ಪುಟಗಳ ಫಾರಂ ಲೆಕ್ಕದಲ್ಲಿ ಮಾತನಾಡುತ್ತಾರೆ, ನಾಲ್ಕು ಫಾರಂ ಅಂದರೆ 64 ಪುಟ ನಿಮಗೆ ಧಾರಾಳವಾಯಿತು. ಅಷ್ಟನ್ನೂ ಓಡುವ ಕಾರುಗಳಿಂದಲೇ ತುಂಬಿದರೆ ಹತ್ತನೆಯ ಪುಟಕ್ಕೆ ಓದುಗನ ಕಣ್ಣು ದಣಿಯುತ್ತದೆ. ಓಟದ ಚಿತ್ರದ ಪಕ್ಕದಲ್ಲಿ ಪಿಟ್‌ನಲ್ಲಿ (ಟ್ರ್ಯಾಕ್ ಬದಿಯ ದುರಸ್ತಿ ತಾಣದಲ್ಲಿ) ಗ್ರೀಸು ಮೆತ್ತಿದ ಮೆಕ್ಯಾನಿಕ್‌ನ ಕೈ, ಬಾವುಟ ಸುತ್ತಿಟ್ಟು ನೆರಳಲ್ಲಿ ಕುಳಿತ ಮಾರ್ಷಲ್ (ಟ್ರ್ಯಾಕ್ ಕಾಯುವ ಸಿಬ್ಬಂದಿ), ಇಂಥವು ಇದ್ದಾಗಲೇ ವೇಗವು ವೇಗದಂತೆ ಕಾಣುತ್ತದೆ. ನಿಮ್ಮ 1/2000ರ ಚಿತ್ರಗಳಲ್ಲಿ ಚಾಲಕನ ಕಣ್ಣು ಕಾಣುವಂಥವಿದ್ದರೆ ಅವನ್ನೂ ಎಸೆಯಬೇಡಿ. ಬ್ರಿಟನ್ನಿನ ಲೂಯಿ ಕ್ಲೆಮಂಟಾಸ್ಕಿ ಇಟಲಿಯ 1957ರ ಮಿಲೆ ಮಿಲ್ಯಾ ಕಾರು ಓಟದಲ್ಲಿ ಪೀಟರ್ ಕಾಲಿನ್ಸ್ ಓಡಿಸುತ್ತಿದ್ದ ಫೆರಾರಿಯ ಪಕ್ಕದ ಸೀಟಿನಲ್ಲೇ ಕುಳಿತು ಚಿತ್ರ ತೆಗೆದರು. ನಮಗೆ ಆ ಭಾಗ್ಯವಿಲ್ಲದಿದ್ದರೂ ಚಾಲಕನ ಮುಖವನ್ನು ಹುಡುಕುವುದಕ್ಕೆ ಅಡ್ಡಿಯೇನಿಲ್ಲ.

ಚಿತ್ರಗಳ ಸಣ್ಣ ಪ್ರತಿಗಳನ್ನು ನೆಲದ ಮೇಲೆ ಹರಡಿ, ಮನೆಯವರ ಬೈಗುಳ ಸಹಿಸಿಕೊಂಡು, ಒಂದು ವಾರ ಜೋಡಿಸುತ್ತಿರಿ. ಬಲಕ್ಕೆ ಓಡುವ ಕಾರು ಕಣ್ಣನ್ನು ಮುಂದಿನ ಪುಟಕ್ಕೆ ಒಯ್ಯುತ್ತದೆ. ಎದುರುಬದುರು ಪುಟಗಳಲ್ಲಿ ಪರಸ್ಪರ ಮುಖ ಮಾಡಿದ ಎರಡು ಕಾರುಗಳು ಡಿಕ್ಕಿ ಹೊಡೆಯಲು ಹೊರಟಂತಿರುತ್ತವೆ. ಎರಡು ಪುಟಕ್ಕೂ ಹರಡುವ ಚಿತ್ರದಲ್ಲಿ ಹೆಲ್ಮೆಟ್ ನಡುವಿನ ಮಡಿಕೆಗೆ ಸಿಕ್ಕಿ ಮಾಯವಾಗದಂತೆ ನೋಡಿಕೊಳ್ಳಿ, ಬರೀ ಅಂಟು ಹಾಕಿದ ಬೈಂಡಿಂಗಿಗಿಂತ ಹೊಲಿಗೆ ಬೈಂಡಿಂಗನ್ನೇ ಕೇಳಿ. ಪರದೆಯ ಮೇಲೆ ಉರಿಯುವ ಕೆಂಪು ನಾಲ್ಕು ಬಣ್ಣದ ಶಾಯಿಯಲ್ಲಿ ಮಂಕಾಗುವುದುಂಟು. ಆದ್ದರಿಂದ ಪ್ರೂಫ್ (ಅಚ್ಚಿನ ಮಾದರಿ ಪ್ರತಿ) ತರಿಸಿ, ಪ್ರೆಸ್ಸಿನ ಟ್ಯೂಬ್‌ಲೈಟಿನಡಿ ಒಪ್ಪಿಗೆ ಕೊಡದೆ, ಹೊರಗೆ ಹಗಲು ಬೆಳಕಿನಲ್ಲಿ ಹಿಡಿದು ನೋಡಿ ಸಹಿ ಹಾಕಿ.